ಮಾತು ಬಿಟ್ಟು ಹೈದರಾಬಾದ್ ನೋಡಿದ್ದು

ಗಂಡ ಹೆಂಡತಿ ಮಾತು ಬಿಡುವುದಾದರೆ ಸ್ವಂತ ಊರಿನಲ್ಲೇ ಬಿಡಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ಇದಕ್ಕೆ ಸಕಲ ಅನುಕೂಲವೂ ಇದೆ. ಮಾತು ಬಿಟ್ಟ ದಿನ ನಾನು ನನ್ನ ಪಾತ್ರೆ ಅಂಗಡಿಯಲ್ಲಿ ಹಂಡೆ ಕೊಳಗಗಳ ನಡುವೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಮನೆಗೆ ಬಂದರೆ ನನ್ನ ಹೆಂಡತಿ ಸುಮಂಗಳಾ ಪಕ್ಕದ ಮನೆಯ ಗೌರಕ್ಕನನ್ನು ಕರೆದು, "ಗೌರಕ್ಕ, ರೊಟ್ಟಿ ಆರಿ ಹೊಂಟಾವು, ಉಣ್ಣೋರು ಉಣಬೌದಂತ ಹೇಳವಾ" ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ. ಗೌರಕ್ಕ ಬಾಯಿ ತೆರೆಯುವ ಮೊದಲೇ ನಾನು ತಟ್ಟೆಯ ಮುಂದೆ ಕೂತಿರುತ್ತೇನೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾವು ಒಮ್ಮೊಮ್ಮೆ ಮೂರು ದಿನ ಮಾತು ಬಿಟ್ಟಿದ್ದೂ ಉಂಟು. ಮೊದಲು ಮಾತಾಡಿದವರು ಸೋತ ಹಾಗೆ, ಅಷ್ಟೇ.

ಆದರೆ ಹೈದರಾಬಾದಿನಲ್ಲಿ ಗೌರಕ್ಕ ಇರಲಿಲ್ಲ.

ಸುಮಂಗಳಾಳ ಚಿಕ್ಕಪ್ಪನ ಮಗಳು ಅಲ್ಲಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶ ಮುಗಿದ ಮೇಲೆ ಒಂದು ದಿನ ಉಳಿದು ಊರು ನೋಡೋಣವೆಂದು ಲಾಡ್ಜಿನಲ್ಲಿ ರೂಮು ಹಿಡಿದೆವು. ಊರು ಸುತ್ತಿಸುವ ಬಸ್ಸು ಬೆಳಿಗ್ಗೆ ಎಂಟಕ್ಕೆ. ಏಳೂಮುಕ್ಕಾಲಿಗೆ ಅವಳು ಹೊಸ ಸೀರೆ ಉಟ್ಟು, ಕನ್ನಡಿ ಬಿಟ್ಟು ನನ್ನ ಕಡೆ ತಿರುಗಿ, "ಹ್ಯಾಂಗೈತ್ರಿ?" ಎಂದಳು. ನಾನು ಬಸ್ಸು ಎಲ್ಲಿ ನಿಲ್ಲುತ್ತದೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ತಲೆ ಎತ್ತದೆ, "ಈ ಊರಾಗ ನಿನ್ನ ಯಾರ್ ನೋಡ್ತಾರ, ನಡಿ ನಡಿ" ಎಂದುಬಿಟ್ಟೆ.

ಅವಳು ತನ್ನ ಮೊಬೈಲು, ಪರ್ಸು ಎಲ್ಲವನ್ನೂ ಚೀಲಕ್ಕೆ ಹಾಕಿ, ಆ ಚೀಲವನ್ನು ನನ್ನ ಹೆಗಲಿಗೆ ತೂಗುಹಾಕಿ ಹೊರಗೆ ನಡೆದಳು. ಮಾತು ನಿಂತಿತೆಂದು ನನಗೆ ತಿಳಿಯಿತು. ನಿಲ್ಲಲಿ, ನಾನೇನು ತಪ್ಪು ಹೇಳಿದೆ ಎಂದುಕೊಂಡೆ.

ಹೀಗೆ ಒಬ್ಬರ ಮುಖ ಒಬ್ಬರು ನೋಡದೆ ನಾವು ಹೈದರಾಬಾದ್ ನೋಡತೊಡಗಿದೆವು. ವಸ್ತುಸಂಗ್ರಹಾಲಯದಲ್ಲಿ ಅವಳು ದಂತದ ಕುರ್ಚಿ ನೋಡಿದರೆ ನಾನು ಎದುರು ಗೋಡೆಯ ಕತ್ತಿ ನೋಡಿದೆ. ಚಾರ್ಮಿನಾರಿನ ಮುಂದೆ ಯಾರೋ ಪುಣ್ಯಾತ್ಮ ತಾನಾಗಿ ಬಂದು ನನ್ನ ಮೊಬೈಲು ಈಸಿಕೊಂಡು, ಇಬ್ಬರ ಫೋಟೋ ತೆಗೆಯುತ್ತೇನೆ, ಹತ್ತಿರ ನಿಲ್ಲಿ ಎಂದು ಹಿಂದಿಯಲ್ಲಿ ಹೇಳಿದ. ನಾವು ಅರ್ಧ ಗೇಣು ಸರಿದೆವು. ಇನ್ನೂ ಹತ್ತಿರ ಎಂದ. ಇನ್ನರ್ಧ ಗೇಣು. ಆ ಫೋಟೋ ಈಗಲೂ ಇದೆ. ಬಾಡಿಗೆ ತಕರಾರಿಗೆ ಬಂದ ಮಾಲೀಕ ಮತ್ತು ಬಾಡಿಗೆದಾರರಂತೆ ನಿಂತಿದ್ದೇವೆ.

ಅಲ್ಲಿಂದ ಬಸ್ಸಿನ ಕಡೆಗೆ ಜನರ ನಡುವೆ ನುಗ್ಗಿಕೊಂಡು ಬಂದೆವು. ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ. ನಮ್ಮದರಂಥವೇ ನೀಲಿ ಬಸ್ಸುಗಳು ಮೂರು ನಾಲ್ಕು ನಿಂತಿದ್ದವು. ನಾನು ನಮ್ಮ ಬಸ್ಸಿನ ಬಾಗಿಲಿಗೆ ಬಂದು ನೋಡುತ್ತೇನೆ, ಸುಮಂಗಳಾ ಆಚೆಯ ಇನ್ನೊಂದು ಬಸ್ಸು ಹತ್ತುತ್ತಿದ್ದಾಳೆ!

'ಏ, ಆ ಬಸ್ಸಲ್ಲ' ಎಂಬ ಮಾತು ಗಂಟಲಿನವರೆಗೆ ಬಂತು. ಕರೆದರೆ ನಾನು ಸೋತೆ. ಹತ್ತಿದ ಮೇಲೆ ಗೊತ್ತಾಗಿ ತಾನೇ ಇಳಿದು ಬರುತ್ತಾಳೆ, ಬರುವಾಗ ಮುಖ ಸಣ್ಣದಾಗಿರುತ್ತದೆ, ನೋಡೋಣ ಎಂದು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತೆ. ಒಂದು ಬಗೆಯ ಸಂತೋಷವೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಆ ಸಂತೋಷ ಅರ್ಧ ನಿಮಿಷವೂ ಇರಲಿಲ್ಲ. ಆ ಬಸ್ಸು ಹೊರಟುಹೋಯಿತು.

ಫೋನು ಮಾಡಿದೆ. ನನ್ನ ತೊಡೆಯ ಮೇಲಿದ್ದ ಚೀಲದಲ್ಲೇ ರಿಂಗಾಯಿತು. ತಂಬ್ರಹಳ್ಳಿಯಲ್ಲಿ ಹುಟ್ಟಿ ಕೊಟ್ಟೂರಿಗೆ ಬಂದ ಹೆಣ್ಣು. ಕೈಯಲ್ಲಿ ಕಾಸಿಲ್ಲ, ಫೋನಿಲ್ಲ, ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ. ಅಷ್ಟರಲ್ಲಿ ನಮ್ಮ ಬಸ್ಸೂ ಹೊರಟಿತು. ಗೈಡು ತಲೆ ಎಣಿಸುತ್ತ ಬಂದು ನನ್ನ ಹತ್ತಿರ ನಿಂತ. ಒಂದು ತಲೆ ಜಾಸ್ತಿ ಬಂದಿತ್ತು. ಟಿಕೆಟ್ ಕೇಳಿದ, ಕೊಟ್ಟೆ. "ಅಯ್ಯಾ, ನಿಮ್ಮದು ಎರಡನೇ ಬಸ್ಸು, ಇದು ನಾಲ್ಕನೆಯದು" ಎಂದು ತೆಲುಗಿನಲ್ಲಿ ಹೇಳಿದ.

ಸುತ್ತ ನೋಡಿದೆ. ಒಂದೂ ಗುರುತಿನ ಮುಖವಿಲ್ಲ. ಬಸ್ಸು ತಪ್ಪಿದವನು ನಾನು!

ಪಾತ್ರೆ ಮಾರುವಷ್ಟೇ ಬರುವ ತೆಲುಗಿನಲ್ಲಿ, ಹೆಂಡತಿ ಜನರಲ್ಲಿ ತಪ್ಪಿಹೋದಳು ಎಂದೆ. ನೋಡನೋಡುತ್ತ ಬಿಟ್ಟೆ ಎಂಬುದಕ್ಕೆ ನನಗೆ ತೆಲುಗು ಬರಲಿಲ್ಲ, ಬಂದಿದ್ದರೂ ಹೇಳುತ್ತಿರಲಿಲ್ಲ. ಗೈಡು ಒಳ್ಳೆಯವನು, ಎರಡನೇ ಬಸ್ಸಿನವನಿಗೆ ಫೋನು ಹಚ್ಚಿದ. ನಂತರ ನನ್ನ ಕಡೆ ತಿರುಗಿ, "ಚೀರ ಏ ರಂಗು?" ಎಂದ. ಸೀರೆಯ ಬಣ್ಣ ಕೇಳುತ್ತಿದ್ದಾನೆ. ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಅದೇ ಸೀರೆಯ ಸಲುವಾಗಿ ಜಗಳವಾಗಿದೆ, ಮೂರು ತಾಸು ಅದರ ಹಿಂದೆಯೇ ನಡೆದಿದ್ದೇನೆ, ಬಣ್ಣ ಗೊತ್ತಿಲ್ಲ! "ಹೊಸದು" ಎಂದೆ. ಗೈಡು ನನ್ನನ್ನು ಒಂದು ಕ್ಷಣ ನೋಡಿ, ಫೋನಿನಲ್ಲಿ ಏನೋ ಹೇಳಿ, ಕಾದು, ಆಮೇಲೆ ಇಲ್ಲವೆಂದು ತಲೆಯಾಡಿಸಿದ. ಇಲ್ಲಿ ಯಾರ ಗಂಡ ಕಾಣೆಯಾಗಿದ್ದಾನೆ ಎಂದು ಆ ಬಸ್ಸಿನಲ್ಲಿ ಕೇಳಿದರೆ ಯಾರೂ ಕೈ ಎತ್ತಲಿಲ್ಲವಂತೆ.

ಹಾಗಾದರೆ ಅವಳು ಹತ್ತಿದ್ದು ಬೇರೆ ಯಾವುದೋ ಬಸ್ಸೇ? ಎಲ್ಲ ಬಸ್ಸೂ ಗೋಲ್ಕೊಂಡಕ್ಕೇ ಬರುತ್ತವೆ, ಗಾಬರಿ ಬೇಡ ಎಂದು ಗೈಡು ಹೇಳಿದ. ಗಾಬರಿ ಬಿಡಲು ನನಗಾಗಲಿಲ್ಲ. ಸಿಗ್ನಲ್ ಬಿದ್ದಲ್ಲೆಲ್ಲ ಪಕ್ಕದಲ್ಲಿ ನಿಂತ ಬಸ್ಸುಗಳ ಕಿಟಕಿಗೆ ಕಣ್ಣು ಹಾಕಿದೆ. ಅವಳಿಗೆ ಏನಾದರೂ ಆದರೆ ಮಗಳಿಗೆ ಏನು ಹೇಳಲಿ? 'ಕಣ್ಣೆದುರಿಗೇ ಹತ್ತಿದಳು, ಕರೆಯಲು ಮನಸ್ಸು ಬರಲಿಲ್ಲ' ಎನ್ನಲೇ? ಚೀಲವನ್ನು ಎದೆಗೆ ಅವುಚಿಕೊಂಡು ಕೂತೆ. ಪಕ್ಕದ ಮುದುಕ, ತಾನು ಅದನ್ನು ಕದ್ದಾನೆಂದು ನಾನು ಹೆದರಿದ್ದೇನೆ ಎಂದುಕೊಂಡನೋ ಏನೋ, ಎದ್ದು ಬೇರೆ ಸೀಟಿಗೆ ಹೋದ.

ಗೋಲ್ಕೊಂಡ ಕೋಟೆಯ ಬಾಗಿಲಿನ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಗೆ ಕೇಳುತ್ತದಂತೆ. ಗೈಡು ಹೇಳಿದ ಕೂಡಲೇ ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಇವಳಿಗೆ ಚಪ್ಪಾಳೆಯಲ್ಲಿ ನನ್ನ ಗುರುತು ಹೇಗೆ ಸಿಗಬೇಕು ಎನ್ನಿಸಿ, ಬಾಯಿಗೆ ಕೈ ಅಡ್ಡ ಹಿಡಿದು "ಸುಮಂಗಳಾ!" ಎಂದು ಕೂಗಿದೆ. ಹತ್ತು ಜನರ ಎದುರು ನಾನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಚಪ್ಪಾಳೆ ತಟ್ಟುತ್ತಿದ್ದವರು ನಿಲ್ಲಿಸಿ ನನ್ನನ್ನು ನೋಡಿದರು. ಮೇಲಿನಿಂದ ಉತ್ತರ ಬರಲಿಲ್ಲ.

ಮೆಟ್ಟಿಲು ಹತ್ತಿದೆ. ಎರಡು ಕಡೆ ಕೂತೆ, ಮತ್ತೆ ಹತ್ತಿದೆ. ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಕಟ್ಟೆಯ ಮೇಲೆ ಇಬ್ಬರು ಹೆಂಗಸರ ನಡುವೆ ಒಂದು ಹಸಿರು ಸೀರೆ, ಅದಕ್ಕೆ ನೇರಳೆ ಅಂಚು. ನನ್ನನ್ನು ನೋಡಿದ್ದೇ ಎದ್ದು ಓಡಿಬಂದು ನನ್ನ ಮೊಳಕೈ ಹಿಡಿದಳು.

"ಎಲ್ಲಿ ಹೋಗಿದ್ರಿ? ಜೀವಾನ ಹೋಗಿತ್ತು ನಂದು!"

"ನೀ ಎರಡನೇ ಬಸ್ಸಿನ್ಯಾಗ ಇದ್ದಿಲ್ಲೇನು? ಯಾರ ಗಂಡ ತಪ್ಪಿಸ್ಕೊಂಡಾನ ಅಂತ ಕೇಳಿದ್ರಂತಲ್ಲ, ಯಾಕ ಕೈ ಎತ್ತಲಿಲ್ಲ?"

"ಅವ ತೆಲುಗಿನ್ಯಾಗ ಕೇಳಿದ್ರ ನನಗೇನ್ ತಿಳೀತೈತ್ರಿ? ಎಲ್ಲಾರು ನಕ್ರು, ನಾನೂ ನಕ್ಕೆ."

ನಾನು ಕಟ್ಟೆಯ ಮೇಲೆ ಕೂತೆ. ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟು, ಪಕ್ಕದಲ್ಲಿ ಕೂತು, ಸೆರಗಿನ ಅಂಚು ತಿರುವುತ್ತ ತಗ್ಗಿದ ದನಿಯಲ್ಲಿ ಹೇಳಿದಳು: "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಬ್ಯಾರೆ ಬಸ್ ಹತ್ತೋದು ನಾ ನೋಡಿದ್ದೆ. ಕರೀಬೇಕಿತ್ತು. ಬೆಳಿಗ್ಗಿ ಸಿಟ್ಟು ಇನ್ನಾ ಇಳಿದಿದ್ದಿಲ್ಲ, ಬರ್ತಾರ ಬಿಡು ಅಂದೆ. ತಪ್ಪಾತು ನಂದು."

ಈಗ ನಾನೂ ನನ್ನದನ್ನು ಹೇಳಬೇಕಿತ್ತು. ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, "ನನ್ನ ಜಾಗದಾಗ ನೀವಿದ್ರ ಹಂಗ ಮಾಡ್ತಿದ್ದಿಲ್ಲ" ಎಂದಳು.

ತೆರೆದ ಬಾಯಿಗೆ ನೀರು ಹಾಕಿಕೊಂಡೆ. ಆಮೇಲೆ ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡು, ಆಗಿದ್ದಾತು" ಎಂದು ಅವಳನ್ನು ಕ್ಷಮಿಸಿದೆ.