ಸಾರ್ಡೀನಿಯಾಕ್ಕೆ ಸೈಕಲ್ ಹೊರಟ ಕಾರಣ

ಹೆದರಿಕೆಯಾದಾಗ ಕೆಲವರು ದೇವರ ನಾಮ ಹೇಳುತ್ತಾರೆ, ಕೆಲವರು ಮನೆಯವರ ಮೇಲೆ ರೇಗುತ್ತಾರೆ. ನಾನು ಯೋಜನೆ ಹಾಕುತ್ತೇನೆ. ಹೆದರಿಕೆ ದೊಡ್ಡದಾದಷ್ಟೂ ಯೋಜನೆಯೂ ದೊಡ್ಡದು. ಮಗಳ ಹತ್ತನೆಯ ತರಗತಿಯ ಫಲಿತಾಂಶಕ್ಕೆ ಕಾಯುತ್ತಿದ್ದಾಗ ಬಾಲ್ಕನಿಯಲ್ಲಿ ಮಲ್ಲಿಗೆ ತೋಟದ ನಕ್ಷೆ ಬರೆದಿದ್ದೆ. ಅವಳು ಪಾಸಾದಳು, ಬಾಲ್ಕನಿಯಲ್ಲಿ ಇಂದಿಗೂ ಬಟ್ಟೆಯೇ ಒಣಗುತ್ತಿದೆ. ಈಗ ಐವತ್ತಾರರ ವಯಸ್ಸಿನಲ್ಲಿ, ಹೊಟ್ಟೆ ಮುಂದೆ ನಾನು ಹಿಂದೆ ಎಂಬಂತೆ ನಡೆಯುವವನು ಮೆಡಿಟರೇನಿಯನ್ ಸಮುದ್ರದ ಸಾರ್ಡೀನಿಯಾ ದ್ವೀಪವನ್ನು ಸೈಕಲ್ಲಿನಲ್ಲಿ ಸುತ್ತಲು ಹೊರಟೆನೆಂದರೆ, ಆಗ ನನ್ನ ಹೆದರಿಕೆ ಎಷ್ಟಿದ್ದೀತೆಂದು ನೀವೇ ಅಂದಾಜು ಮಾಡಿ.

ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ಕತ್ತಿನ ಬಲಗಡೆ ಪುಟ್ಟ ಗಂಟೊಂದು ಬೆರಳಿಗೆ ಸಿಕ್ಕಿತು. ಮುಂಬಯಿ ಪಕ್ಕದ ಠಾಣೆಯಲ್ಲಿ ನಮ್ಮ ಮನೆ. ಅಲ್ಲಿನ ಡಾಕ್ಟರು ಅದರ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. "ದಸ್ ದಿನ್ ಮೇ ರಿಪೋರ್ಟ್ ಆಯೇಗಾ. ಟೆನ್ಶನ್ ಮತ್ ಲೋ" ಎಂದರು. ಟೆನ್ಶನ್ ಮಾಡಿಕೊಳ್ಳಬೇಡಿ ಎಂಬ ಆ ಕೊನೆಯ ಮಾತು ಹೇಳದಿದ್ದರೆ ನನಗೆ ಟೆನ್ಶನ್ನೇ ಆಗುತ್ತಿರಲಿಲ್ಲ. ಮನೆಗೆ ಬಂದು ಹೆಂಡತಿ ಸುಮತಿಯ ಹತ್ತಿರ, "ಕೊಬ್ಬಿನ ಗಂಟಂತೆ, ತೆಗೆದಾಯಿತು" ಎಂದು ಸುಳ್ಳು ಹೇಳಿದೆ. ಪರೀಕ್ಷೆಯ ಸುದ್ದಿಯಾಗಲಿ, ರಿಪೋರ್ಟಿಗೆ ಹತ್ತು ದಿನ ಕಾಯಬೇಕೆಂಬುದಾಗಲಿ ಎತ್ತಲಿಲ್ಲ.

ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಮ್ಯಾನೇಜರ್. ದಿನಾ ಠಾಣೆಯಿಂದ ಲೋಕಲ್ ರೈಲು ಹತ್ತಬೇಕು. ಮೂರನೆಯ ದಿನ ರೈಲು ಮುಂಬ್ರಾ ದಾಟುತ್ತಿದ್ದಾಗ, ಪಕ್ಕದವನ ಮೊಬೈಲಿನಲ್ಲಿ ಬಿಳಿಗಡ್ಡದ ಒಬ್ಬ ಮುದುಕ ಸಮುದ್ರದ ಪಕ್ಕ ಸೈಕಲ್ ತುಳಿಯುತ್ತಿದ್ದ. ಯಾವ ಊರೆಂದು ಇಣುಕಿದೆ. ಸಾರ್ಡೀನಿಯಾ. ಅಲ್ಲಿಂದ ಶುರುವಾಯಿತು. ದ್ವೀಪದ ದೊಡ್ಡ ಗುಣವೆಂದರೆ ದಾರಿ ತಪ್ಪುವ ಭಯವಿಲ್ಲ. ಸಮುದ್ರವನ್ನು ಬಲಗಡೆ ಇಟ್ಟುಕೊಂಡು ತುಳಿಯುತ್ತ ಹೋದರೆ ಹೊರಟಲ್ಲಿಗೇ ಬಂದು ಮುಟ್ಟುತ್ತೇವೆ. ಎಲ್ಲಿಗೆ ಮುಟ್ಟುತ್ತೇನೋ ಎಂದು ನಡುಗುತ್ತಿದ್ದವನಿಗೆ ಇದಕ್ಕಿಂತ ಸಮಾಧಾನದ ಭೂಗೋಳ ಬೇರೆ ಇಲ್ಲ. ಇಡೀ ದ್ವೀಪ ಸುತ್ತಲು ನಲವತ್ತು ದಿನವೆಂದು ಲೆಕ್ಕ ಹಾಕಿದೆ. ಕಾಯಿಲೆಯವರು ನಲವತ್ತು ದಿನ ಸೈಕಲ್ ತುಳಿಯುವುದಿಲ್ಲ. ಆದ್ದರಿಂದ ನಲವತ್ತು ದಿನ ತುಳಿಯುವ ಯೋಜನೆ ಇರುವವನಿಗೆ ಕಾಯಿಲೆ ಇರಲಾರದು ಎಂಬ ತರ್ಕವೂ ಹೊಳೆಯಿತು.

ಹೊರಗೆ ಹೇಳಲು ಬೇರೆ ಕಾರಣಗಳು ಬೇಕಿದ್ದವು. ಸುಮತಿಗೆ ಮೊಣಕಾಲಿನ ವ್ಯಾಯಾಮ ಎಂದೆ. ಅವಳು ಮೀನು ತೊಳೆಯುತ್ತ, "ಸಾರ್ಡೀನ್ ಅಂದ್ರೆ ನಮ್ಮ ಬೂತಾಯಿ ಮೀನಲ್ವಾ? ಬೂತಾಯಿಗೋಸ್ಕರ ಅಷ್ಟು ದೂರ ಎಂತಕ್ಕೆ? ವರ್ತಕ ನಗರದ ಮಾರ್ಕೆಟಿನಲ್ಲೇ ತಾಜಾ ಸಿಗ್ತದೆ" ಎಂದಳು. ಘಣಸೋಲಿಯಲ್ಲಿ ಕೆಲಸ ಮಾಡುವ ಮಗಳಿಗೆ, ಪ್ರಪಂಚ ನೋಡಬೇಕು ಎಂದೆ. "ಪಪ್ಪಾ, ಆಪ್‌ಕೋ ಸೈಕಲ್ ಆತೀ ಭೀ ಹೈ?" ಎಂದು ಕೇಳಿದಳು. ಹೈಸ್ಕೂಲಿನಲ್ಲಿ ಬಾಡಿಗೆ ಸೈಕಲ್ ತುಳಿದದ್ದು, ಸೈಕಲ್ ಬರುತ್ತದೆ ಎಂಬ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ತಿಳಿಯಲಿಲ್ಲ. ಹೋಟೆಲಿನ ಧಣಿ ಭಾಸ್ಕರಣ್ಣ ಮಾತ್ರ ನನಗೆ ಬೇಸರ ಮಾಡಿದರು. ನಲವತ್ತು ದಿನ ರಜೆ ಎಂದಾಗ, ನೀವಿಲ್ಲದೆ ಹೋಟೆಲು ನಡೆಯುವುದು ಹೇಗೆ ಎಂದು ಗಾಬರಿಯಾಗುತ್ತಾರೆಂದು ನಂಬಿದ್ದೆ. ಅವರು, "ಹೋಗಿ ಬನ್ನಿ ಮಾರಾಯ್ರೆ, ಬೇಕಿದ್ರೆ ಅರವತ್ತು ತಕೊಳ್ಳಿ" ಎಂದುಬಿಟ್ಟರು.

ಸುಮತಿ ದಿನಾ ಸಂಜೆ ನಾನು ಹರಡಿಕೊಂಡ ದ್ವೀಪದ ನಕ್ಷೆಯ ಮುಂದೆ ಕುಳಿತು, ಇಲ್ಲಿ ಗುಡ್ಡ ಉಂಟಾ, ಅಲ್ಲಿ ಅನ್ನ ಸಿಗ್ತದಾ ಎಂದು ವಿಚಾರಿಸತೊಡಗಿದಳು. ಎಷ್ಟು ಮುಗ್ಧೆ, ಏನೂ ತಿಳಿಯದು ಎಂದು ನನಗೆ ಒಳಗೊಳಗೇ ಮರುಕ.

ಹತ್ತನೆಯ ದಿನ ಚಪ್ಪಲಿ ಮೆಟ್ಟುತ್ತಿದ್ದಾಗ ಅವಳೂ ಸೀರೆ ಉಟ್ಟು ಬಾಗಿಲಿಗೆ ಬಂದಳು.

"ನೀನೆಲ್ಲಿಗೆ?"

"ರಿಪೋರ್ಟ್ ತರ್ಲಿಕ್ಕೆ. ಡಾಕ್ಟರ ಚೀಟಿಯನ್ನು ಅಂಗಿ ಕಿಸೆಯಲ್ಲೇ ಇಟ್ಟು ಒಗೀಲಿಕ್ಕೆ ಹಾಕ್ತೀರಿ. ಒಂಬತ್ತು ದಿನದಿಂದ ಗೊತ್ತುಂಟು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ನಕ್ಷೆ ನೋಡುವಾಗ ಮಾತ್ರ ಸರಿಯಾಗಿ ಊಟ ಮಾಡ್ತಿದ್ರಿ."

ರಿಕ್ಷಾ ಹಿಡಿದು ಹೋದೆವು. ಡಾಕ್ಟರು ಕಾಗದ ತಿರುವಿ ನೋಡುವಾಗ ಅವಳ ಉಗುರು ನನ್ನ ಮಣಿಕಟ್ಟಿಗೆ ಚುಚ್ಚುತ್ತಿತ್ತು. "ಕುಛ್ ನಹೀ ಹೈ. ಸೂಜನ್ ಹೈ, ಬಸ್" ಎಂದರು ಅವರು. ಏನೂ ಇಲ್ಲ, ಬರೀ ಬಾವು! ಹೊರಗೆ ಬಂದದ್ದೇ ಸುಮತಿ ಫುಟ್‌ಪಾತಿನ ಮೇಲೆ ನಿಂತು ಅತ್ತಳು. ನಾನು ಧೈರ್ಯ ಹೇಳಲು ಹೋಗಿ ಅವಳಿಗಿಂತ ಗಟ್ಟಿಯಾಗಿ ಅತ್ತೆ. ವಡಾಪಾವ್ ಕರಿಯುತ್ತಿದ್ದವನು, "ಕಾಯ್ ಝಾಲಂ ಕಾಕಾ?" ಎಂದು ಜಾಲರಿ ಸೌಟು ಬಿಟ್ಟು ಓಡಿ ಬಂದ. ಏನಾಯಿತೆಂದು ಕೇಳಿದವನಿಗೆ, ಏನೂ ಆಗಿಲ್ಲವೆಂದೇ ಅಳುತ್ತಿದ್ದೇವೆ ಎಂದು ಅರ್ಥ ಮಾಡಿಸುವಷ್ಟರಲ್ಲಿ ತಲಾ ಎರಡೆರಡು ವಡಾಪಾವ್ ಮುಗಿದಿದ್ದವು. ಅಷ್ಟು ಹಗುರವಾಗಿ ನಾನು ಯಾವತ್ತೂ ಹೊಟ್ಟೆ ತುಂಬಿಸಿಕೊಂಡಿಲ್ಲ.

"ಸದ್ಯ, ಇನ್ನು ಆ ಸೈಕಲ್ಲಿನ ಹುಚ್ಚೂ ಮುಗಿಯಿತು" ಎಂದೆ, ಕೈ ಒರೆಸಿಕೊಳ್ಳುತ್ತ.

ಸುಮತಿ ಕಣ್ಣೊರೆಸಿ ನೆಟ್ಟಗೆ ನಿಂತಳು. "ಮುಗಿಯೂದು ಹೇಗೆ? ನಾನು ಊರಿನ ದೇವಿಗೆ ಹರಕೆ ಹೇಳಿದ್ದೇನೆ. ರಿಪೋರ್ಟ್ ಒಳ್ಳೇದು ಬಂದ್ರೆ ಇವರು ಆ ದ್ವೀಪಕ್ಕೆ ಸೈಕಲ್ಲಿನಲ್ಲೇ ಒಂದು ಪ್ರದಕ್ಷಿಣೆ ಹಾಕ್ತಾರೆ ಅಂತ."

"ಬೇರೆ ಹರಕೆ ಸಿಗಲಿಲ್ಲವಾ ನಿನಗೆ?"

"ನಿಮ್ಗೆ ಇಷ್ಟ ಅಂತ ಮಾಡಿದೆ!"

ದೇವಿಯೊಂದಿಗೆ ಚೌಕಾಶಿ ಮಾಡುವ ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಹಾಗಾಗಿ ಈಗ ಪ್ರತಿ ಬೆಳಿಗ್ಗೆ ಉಪವನ ಕೆರೆಯ ಪಕ್ಕ ಮಗಳ ಹಳೆಯ ಸೈಕಲ್ಲಿನ ಮೇಲೆ ಅಭ್ಯಾಸ ನಡೆದಿದೆ. ನಿನ್ನೆ ಒಂದು ನಾಯಿಯನ್ನು ತಪ್ಪಿಸಲು ಹೋಗಿ ಬಿದ್ದೆ. ಮೊಣಕಾಲು ಊದಿಕೊಂಡಿತು. ಅರಸಿನ ಹಚ್ಚುತ್ತ ಸುಮತಿ, "ಯಾವುದಕ್ಕೂ ಒಂದು ಎಕ್ಸ್‌ರೇ ತೆಗೆಸುವನಾ?" ಎಂದು ಕೇಳಿದಳು.

"ಬೇಡವೇ ಬೇಡ" ಎಂದು ಕುಂಟುತ್ತಲೇ ಎದ್ದೆ. ಅದರ ರಿಪೋರ್ಟ್ ಬರುವಷ್ಟರಲ್ಲಿ ನಾನು ಇನ್ನೇನು ಯೋಜನೆ ಹಾಕುತ್ತೇನೋ, ಇವಳು ಇನ್ನೇನು ಹರಕೆ ಹೊರುತ್ತಾಳೋ!