ಒಂಟಿ ಚಪ್ಪಲಿಗಳ ಜೊತೆ ಉಳಿದವಳು

ಹೊಲಿಗೆಯಾಕೆ ತನ್ನ ಗಂಡನನ್ನು ಮೊದಲು ಕಂಡ ದಿನ ಕಂಡದ್ದು ಅವರ ಕುತ್ತಿಗೆಯ ಹಿಂಭಾಗ ಮತ್ತು ಎರಡು ಕಿವಿ, ಅಷ್ಟೇ. ಅವರು ಬಸ್ಸು ಓಡಿಸುತ್ತಿದ್ದರು, ಈಕೆ ಮೂರನೇ ಸೀಟಿನಲ್ಲಿದ್ದಳು. ಅವರ ತಲೆಯ ಮೇಲೆ ‘ಚಾಲಕರೊಡನೆ ಮಾತನಾಡಬೇಡಿ’ ಎಂಬ ಬೋರ್ಡು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಆ ಬೋರ್ಡನ್ನು ಯಾರೂ ಇಳಿಸಲಿಲ್ಲ. ಊಟ ಬೇಕಿದ್ದರೆ ‘ಹೂಂ’, ಸಾಕಾದರೆ ‘ಉಹೂಂ’. ಮಿಕ್ಕಿದ್ದೆಲ್ಲ ಮೌನ!

ಆದ್ದರಿಂದ ನಿವೃತ್ತರಾದ ಮರುದಿನ ಡ್ರೈವರ್ ಸಾಹೇಬರು ಎದೆಯುಬ್ಬಿಸಿ ಘೋಷಣೆ ಹೊರಡಿಸಿದಾಗ ಆಕೆಯ ಕೈಯಿಂದ ಸೂಜಿಯೇ ಜಾರಿತು.

“ಕಾರಲ್ಲಿ ಊರೂರು ಸುತ್ತೋಣ ಕಣೇ. ದಾರೀಲಿರೋ ವಿಚಿತ್ರಗಳನ್ನೆಲ್ಲ ತೋರಿಸ್ತೀನಿ. ಇಷ್ಟು ವರ್ಷದಲ್ಲಿ ಒಬ್ಬ ಪ್ಯಾಸೆಂಜರನ್ನೂ ದಾರೀಲಿ ಬಿಟ್ಟು ಬಂದವನಲ್ಲ ನಾನು! ಆಮೇಲೆ... ನಿನಗೊಂದು ಮಾತು ಹೇಳೋದಿದೆ. ದಾರೀಲಿ ಹೇಳ್ತೀನಿ.”

ಒಂದು ಮಾತು! ವಿಚಿತ್ರಗಳನ್ನು ಯಾರಾದರೂ ನೋಡಿಕೊಳ್ಳಲಿ, ಆಕೆ ಹೊರಟದ್ದು ಆ ಒಂದು ಮಾತಿಗಾಗಿ.

ಪಕ್ಕದಲ್ಲಿ ಜನ ಕೂತರೆ ಸಾಹೇಬರ ಗಮನ ತಪ್ಪುತ್ತದಂತೆ. ಮುಂದಿನ ಸೀಟು ನೀರಿನ ಕ್ಯಾನಿಗೆ, ಹಿಂದಿನದು ಹೆಂಡತಿಗೆ ಮತ್ತು ಹಾಸಿಗೆ ಸುರುಳಿಗೆ. ಮೊದಲ ದಿನ ಎರಡು ಅಂತಸ್ತಿನಷ್ಟು ಎತ್ತರದ ಸಿಮೆಂಟಿನ ಕೆಟಲ್ ನೋಡಿದರು. ಮಾತಿಲ್ಲ. ಎರಡನೇ ದಿನ ಹಿಂದಕ್ಕೆ ಓಡುವ ಗಡಿಯಾರ. ಆಗಲೂ ಇಲ್ಲ. ಮೂರನೇ ದಿನ ಸಿಕ್ಕಿದ್ದು ಒಂಟಿ ಚಪ್ಪಲಿಗಳ ಸಂಗ್ರಹಾಲಯ. ರಸ್ತೆಯಲ್ಲಿ ಬಿದ್ದು ಸಿಕ್ಕ ಎಂಟುನೂರು ಚಪ್ಪಲಿಗಳು ಗಾಜಿನ ಕಪಾಟಿನಲ್ಲಿ ಗಂಭೀರವಾಗಿ ಕುಳಿತಿದ್ದವು.

ಹೊರಡುವಾಗ ಸಾಹೇಬರು ಎಂಜಿನ್ ಚಾಲೂ ಮಾಡಿ ಕುಳಿತಿದ್ದರು. ಆಕೆ ತಿಂಡಿಯ ಬುಟ್ಟಿಯನ್ನು ಡಿಕ್ಕಿಯಲ್ಲಿಟ್ಟು ಮುಚ್ಚಿದಳು. ಬಾಗಿಲು ಸರಿಯಾಗಿ ಕೂರಲಿಲ್ಲ. ಮೇಲೆ ಬಲವಾಗಿ ಎರಡು ಸಲ ಗುದ್ದಿದಳು. ಧಡ್, ಧಡ್!

ಮೂವತ್ತೈದು ವರ್ಷ ಕಂಡಕ್ಟರನ ಎರಡು ಬಡಿತಕ್ಕೆ ಬಸ್ಸು ಬಿಟ್ಟ ಕಾಲು ಅದು. ಕೇಳಬೇಕೆ! ಕಾರು ಹೊರಟೇ ಹೋಯಿತು.

“ರೀ! ರೀ! ನಾನಿನ್ನೂ ಹತ್ತಿಲ್ಲ!”

ಬಸ್ಸು ಓಡಿಸಿದವರು ಹಿಂದಿನಿಂದ ಬರುವ ಕೂಗಿಗೆಲ್ಲ ನಿಲ್ಲುತ್ತಾರೆಯೇ! ಫೋನೂ ಕಾರಿನೊಳಗೇ ಹೋಯಿತು. ಟಿಕೆಟ್ ಕೊಡುವ ಹೆಂಗಸು ಸ್ಟೂಲು ತಂದುಕೊಟ್ಟಳು.

“ಕೂತ್ಕೊಳ್ಳಿ ಅಮ್ಮ. ಇಲ್ಲಿರೋ ಎಲ್ಲದರದ್ದೂ ಜೋಡಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ.”

“ಹುಡುಕ್ಕೊಂಡು ಬಂದಿದ್ದುಂಟಾ?”

ಆ ಹೆಂಗಸು ಕಪಾಟಿನ ಗಾಜು ಒರೆಸತೊಡಗಿದಳು. “ಇದುವರೆಗೂ ಇಲ್ಲ.”

ಎರಡು ಗಂಟೆಯ ನಂತರ ಕಾರು ಬಂತು. ಸಾಹೇಬರ ಮುಖ ಬಿಳಿಚಿಕೊಂಡಿತ್ತು.

“ನಲವತ್ತು ಮೈಲಿ ಆಚೆ ತಲೆಕೆಳಗಾದ ಮನೆ ಅಂತ ಇನ್ನೊಂದು ವಿಚಿತ್ರ ಇದೆ, ಅಲ್ಲಿ ಎರಡು ಟಿಕೆಟ್ ಕೇಳಿದೆ. ‘ಇನ್ನೊಬ್ಬರು ಯಾರು?’ ಅಂದ. ತಿರುಗಿ ನೋಡಿದ್ರೆ...”

“ನಲವತ್ತು ಮೈಲಿ ಗೊತ್ತೇ ಆಗಲಿಲ್ವಾ?”

“ಹಾಸಿಗೆ ಮೇಲೆ ನಿನ್ನ ಶಾಲು ಹೊದಿಸಿದ್ಯಲ್ಲ, ಕನ್ನಡೀಲಿ ಅದೇ ಕಾಣ್ತಿತ್ತು. ನೀನೇ ಅಂದ್ಕೊಂಡು ಆ ಮಾತು ಹೇಳ್ದೆ. ಪೂರ್ತಿ ಹೇಳ್ದೆ! ಮಧ್ಯೆ ಒಂದ್ಸಲಾನೂ ಬಾಯಿ ಹಾಕ್ದೆ ಕೇಳಿಸ್ಕೊಂಡ್ತು. ಆಗ್ಲೇ ಅನುಮಾನ ಬರ್ಬೇಕಿತ್ತು ನಂಗೆ.”

ಆಕೆಗೆ ಸಿಟ್ಟು, ನಗು ಒಟ್ಟಿಗೇ ಬಂದವು. ಮೂವತ್ತನಾಲ್ಕು ವರ್ಷ ಕಾದ ಮಾತು ಹಾಸಿಗೆಯ ಪಾಲಾಗಿತ್ತು! ನೀರಿನ ಕ್ಯಾನನ್ನು ಎತ್ತಿ ಹಿಂದಕ್ಕಿಟ್ಟು, ಮುಂದಿನ ಸೀಟಿನಲ್ಲಿ ಭದ್ರವಾಗಿ ಕುಳಿತಳು.

“ಈಗ ನನಗೆ ಹೇಳಿ.”

“ಒಂದ್ಸಲ ಹೇಳಾಯ್ತಲ್ಲೇ.”

“ಅದು ಹಾಸಿಗೆಗೆ.”

ಕಾರು ಹೊರಟಿತು. ಸಾಹೇಬರು ಕೆಮ್ಮಿದರು. ಆಕೆಯ ಕಡೆ ನೋಡಿದರು, ಗಾಬರಿಯಾಗಿ ರಸ್ತೆ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಸ್ಟಿಯರಿಂಗಿಗೇ ಹೇಳುವಂತೆ ಮೆಲ್ಲಗೆ ಕೇಳಿದರು:

“ಮುಖ ನೋಡ್ತಾ ಇದ್ರೆ ಮಾತೇ ಹೊರಡಲ್ಲ ಕಣೇ... ಬೇಜಾರು ಮಾಡ್ಕೋಬೇಡ, ಸ್ವಲ್ಪ ಹಿಂದೆ ಹೋಗಿ ಕೂತ್ಕೋತೀಯಾ?”