ಶರಣಮ್ಮನ ಸನ್ಮಾನವೂ ನನ್ನ ಹಿಂದಿಯೂ

ಜನರನ್ನು ಅಪ್ರಿಶಿಯೇಟ್ ಮಾಡುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್‌ಗಳು ವರ್ಷದ ಕೊನೆಗೆ ಪ್ರೈಜ್ ಡೇ ಮಾಡಿ, ಹೆಸರು ಕೂಗಿ, ಸ್ಟೇಜಿಗೆ ಕರೆದು, ಎದೆಗೆ ನೀಲಿ ರಿಬ್ಬನ್ ಚುಚ್ಚುತ್ತಿದ್ದರು. ಇಡೀ ಹಾಲ್ ಚಪ್ಪಾಳೆ ತಟ್ಟುತ್ತಿತ್ತು. ಆಮೇಲೆ ಮದುವೆಯಾಯಿತು. ಚಪ್ಪಾಳೆ ನಿಂತಿತು.

ನಮ್ಮವರು ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಿಂದ ನಿವೃತ್ತರಾದ ಮೇಲೆ, ಇಬ್ಬರೂ ಮುಖ ಮುಖ ನೋಡಿಕೊಂಡು ಎಷ್ಟು ದಿನ ಕೂರುವುದೆಂದು ತಾರ್ನಾಕದ ನಮ್ಮ ಮನೆಯ ಹಿಂಭಾಗದಲ್ಲಿ ನಾನೊಂದು ಅಡುಗೆಮನೆ ಶುರು ಮಾಡಿದೆ. ಮಾದಾಪುರದ ಬಂಡೆಗಳನ್ನು ಒಡೆದು ಒಂದರ ಪಕ್ಕ ಒಂದು ಗಾಜಿನ ಆಫೀಸು ಎಬ್ಬಿಸುತ್ತಿದ್ದ ಕಾಲ ಅದು. ಅಲ್ಲಿ ಕಂಪ್ಯೂಟರ್ ಕುಟ್ಟುವ ಕನ್ನಡದ ಹುಡುಗರಿಗೆ ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸೇಡಂ ಕಡೆಯ ಶರಣಮ್ಮ ಮತ್ತು ಅವಳ ಊರಿನ ಮೂವರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ನಾನು ಸೂಪರ್‌ವೈಸ್ ಮಾಡುತ್ತಿದ್ದೆ. ಅವರ ತಲೆಗೆ ಕ್ಯಾಪ್ ಹಾಕಿಸಿ, ಬೆನ್ನ ಹಿಂದೆ ನಿಂತು, ಒಂದೊಂದು ರೊಟ್ಟಿಯನ್ನೂ ಸ್ಟೀಲ್ ತಟ್ಟೆಗೆ ಹಿಡಿದು ಸೈಜ್ ನೋಡುತ್ತಿದ್ದೆ. ಕ್ವಾಲಿಟಿ ಎಂದರೆ ಸುಮ್ಮನೆಯೇ?

ಆ ಡಿಸೆಂಬರಿನಲ್ಲಿ ನಾವು ಊಟ ಕಳಿಸುತ್ತಿದ್ದ ಕಂಪನಿಯೊಂದರಲ್ಲಿ ವರ್ಷಾಂತ್ಯದ ಸಮಾರಂಭ ನಡೆಯಿತು. ನನ್ನನ್ನೂ ಕರೆದಿದ್ದರು. ಬಾಸ್ ಒಬ್ಬೊಬ್ಬರ ಕೈ ಕುಲುಕಿ ಗಾಜಿನ ಟ್ರೋಫಿ ಕೊಟ್ಟ. ಗೋಡೆಯ ಮೇಲೆ ‘ಎಂಪ್ಲಾಯಿ ಆಫ್ ದಿ ಇಯರ್’ ಎಂದು ಒಬ್ಬ ಹುಡುಗಿಯ ದೊಡ್ಡ ಫೋಟೋ. ಅಲ್ಲಿನ ಎಚ್‌ಆರ್ ಮ್ಯಾನೇಜರ್ ವಿಕ್ರಮ್ ನನಗೆ ಇಂಗ್ಲಿಷಿನಲ್ಲಿ ಉಪದೇಶ ಮಾಡಿದ: “ಆಂಟಿ, ಅಪ್ರಿಶಿಯೇಶನ್ ನಾಲ್ಕು ಜನರ ಮುಂದೆ ಆಗಬೇಕು, ಪರ್ಸನಲ್ ಆಗಿರಬೇಕು, ಜನ್ಮದಲ್ಲಿ ಮರೆಯಬಾರದು.”

ಮೂರನ್ನೂ ಸಾಧಿಸಿದೆ. ಅದರಲ್ಲೂ ಮೂರನೆಯದನ್ನು!

ಶನಿವಾರ ಸಂಜೆ ನಮ್ಮ ಕಾರ್ ಶೆಡ್ಡಿನಲ್ಲಿ ಸಮಾರಂಭ. ಮುಖ್ಯ ಅತಿಥಿ ವಿಕ್ರಮ್. ಗಾಜಿನ ಟ್ರೋಫಿ ಶರಣಮ್ಮನಿಗೆ ಯಾಕೆ? ನಮ್ಮ ಸಂಸ್ಕೃತಿಯ ಪ್ರಕಾರ ಶಾಲು, ಗುಲಾಬಿ ಹಾರ, ಹಣ್ಣಿನ ಬುಟ್ಟಿ ತರಿಸಿದೆ. ಜೊತೆಗೆ ಅವಳ ಫೋಟೋ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದೆ.

ನಮ್ಮವರು ಬುಟ್ಟಿಯನ್ನು ನೋಡಿದರು, ಶಾಲನ್ನು ನೋಡಿದರು.

“ಅಲ್ಲ ನಳಿನಿ, ಶರಣಮ್ಮಗ ಏನ್ ವಯಸ್ಸಾತು? ನಮ್ಮ ಫ್ಯಾಕ್ಟರಿಯೊಳಗ ಇದೆಲ್ಲಾ ಮನುಷ್ಯಾನ್ನ ಮನಿಗೆ ಕಳಸೂ ದಿವಸ ಕೊಡ್ತಿದ್ರು.”

“ನಿಮ್ಮ ಫ್ಯಾಕ್ಟರಿಗೆ ಇಮ್ಯಾಜಿನೇಶನ್ ಇರಲಿಲ್ಲ!” ಎಂದೆ.

ಸಮಾರಂಭ ಆರಂಭವಾಯಿತು. ಶಾಲು ಹೊದೆಸಿದೆ. ಹಾರ ಹಾಕಿದೆ. ಶರಣಮ್ಮ ಬೆವರುತ್ತ ನಿಂತಿದ್ದಳು. ನಾಚಿಕೆ ಎಂದುಕೊಂಡೆ. ವಿಕ್ರಮ್‌ಗೆ ಕನ್ನಡ ಬಾರದು. ಪಕ್ಕದ ಮನೆಯ ಮಲ್ಲೇಶ್ವರಿ ಗಾರು ತೆಲುಗಿನವರು. ಆದ್ದರಿಂದ ಎಲ್ಲರಿಗೂ ಅರ್ಥವಾಗಲೆಂದು ಹಿಂದಿಯಲ್ಲಿ ಭಾಷಣ ಮಾಡಿದೆ. ಅವಳ ಸೇವೆಯನ್ನು ಹೊಗಳಿದೆ. ನಾಳೆ ಭಾನುವಾರ ಆರ್ಡರ್ ಇಲ್ಲ, ಎಲ್ಲರೂ ರಜೆ ತೆಗೆದುಕೊಂಡು ಹಾಯಾಗಿರಲಿ ಎಂಬ ಉದಾರ ಘೋಷಣೆಯೊಂದಿಗೆ ಮುಗಿಸೋಣವೆಂದು ಕೈಯೆತ್ತಿ ಕೂಗಿದೆ:

“ಆಜ್ ಸೆ ಶರಣಮ್ಮ ಕಾ ಛುಟ್ಟಿ! ಸಬ್ ಕಾ ಛುಟ್ಟಿ!”

ವಿಕ್ರಮ್ ಚಪ್ಪಾಳೆ ತಟ್ಟಿದ. ಅವನೊಬ್ಬನೇ ತಟ್ಟಿದ. ಶರಣಮ್ಮ ಹಾರ ತೆಗೆದು ನನ್ನ ಕೈಯಲ್ಲಿಟ್ಟು, ಶಾಲಿನ ಸಮೇತ ಗೇಟು ದಾಟಿದಳು. ಉಳಿದ ಮೂವರು ಹೆಂಗಸರೂ ಹಿಂದೆಯೇ ಹೋದರು. ಭಾವುಕರಾಗಿದ್ದಾರೆ ಎಂದುಕೊಂಡು ನನ್ನ ಕಣ್ಣೂ ಒದ್ದೆಯಾಯಿತು. ಅಷ್ಟು ಚಂದದ ಹಾರ ಬಾಡಿಹೋಗುತ್ತದಲ್ಲ ಎಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಅವಳ ಫೋಟೋಗೆ ಹಾಕಿದೆ. ಚೆನ್ನಾಗಿ ಕಾಣುತ್ತಿತ್ತು.

ಸೋಮವಾರ ವಿಕ್ರಮನ ಕಂಪನಿಯದೇ ದೊಡ್ಡ ಆರ್ಡರ್. ಅದು ಕೆಟ್ಟರೆ ವರ್ಷವಿಡೀ ಊಟದ ಗುತ್ತಿಗೆ ಬೇರೆಯವರ ಪಾಲು. ನನ್ನ ಅಡುಗೆಮನೆಗೆ ಬೀಗ ಬೀಳುತ್ತಿತ್ತು. ಬೆಳಿಗ್ಗೆ ಹೆಂಗಸರು ಬರಲಿಲ್ಲ. ಬಿಸಿಲೇರಿತು. ಆಗಲೂ ಬರಲಿಲ್ಲ. ಎಂಥಾ ಕೃತಘ್ನತೆ! ಒಂದು ದಿನ ರಜೆ ಕೊಟ್ಟರೆ ಎರಡು ದಿನ ತೆಗೆದುಕೊಳ್ಳುವುದೇ?

ಸಿಟ್ಟಿನಲ್ಲಿ ನಾನೇ ರೊಟ್ಟಿಗೆ ಕೂತೆ. ಮೊದಲನೆಯದು ಕೈಗೆ ಅಂಟಿತು. ಎರಡನೆಯದು ಹೆಂಚಿಗೆ ಅಂಟಿತು. ಮೂರನೆಯದು ಯಾವುದಕ್ಕೂ ಅಂಟಲಿಲ್ಲ, ಹಪ್ಪಳದ ಹಾಗೆ ಪುಡಿಯಾಯಿತು. ನಮ್ಮವರು ಬಾಗಿಲಲ್ಲಿ ನಿಂತು ಕೇಳಿದರು:

“ಸೈಜ್ ನೋಡ್ದಿಯೇನು?”

ಅಷ್ಟರಲ್ಲಿ ಮೊಸರು ಕೊಡಲು ಬಂದ ಮಲ್ಲೇಶ್ವರಿ ಗಾರು ಗೋಡೆಯ ಕಡೆ ನೋಡಿ ಗಕ್ಕನೆ ನಿಂತರು. ಹಾರ ಹಾಕಿದ ಫೋಟೋ. ಹೆಂಗಸರಿಲ್ಲದ ಅಡುಗೆಮನೆ. ಹೊಗೆಗೆ ಕೆಂಪಾದ ನನ್ನ ಕಣ್ಣು.

“ಅಯ್ಯಯ್ಯೋ ಪಾಪಂ! ಶನಿವಾರಂ ಬಾಗಾನೇ ಉಂದಿ ಕದಂಡಿ! ಎಪ್ಪುಡು ಪೋಯಿಂದಿ?”

ಶನಿವಾರ ಚೆನ್ನಾಗಿಯೇ ಇದ್ದಳಲ್ಲ, ಯಾವಾಗ ಹೋದಳು ಎಂದು ಕೇಳುತ್ತಿದ್ದಾರೆ! ನಾನು ಬಾಯಿ ತೆರೆಯುವ ಮೊದಲೇ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬೀದಿಗೆ ಸುದ್ದಿ ಮುಟ್ಟಿಸಲು ಹೊರಟರು. ಹಾರ ಕಿತ್ತು ಹಾಕಿ, ಆಟೋ ಹಿಡಿದು, ನಮ್ಮವರನ್ನೂ ಎಳೆದುಕೊಂಡು ಶರಣಮ್ಮ ಇರುವ ಲಾಲಾಪೇಟೆಗೆ ಓಡಿದೆ.

ಶರಣಮ್ಮ ತನ್ನ ಕೋಣೆಯ ಮುಂದೆ ಗಂಟುಮೂಟೆ ಕಟ್ಟುತ್ತಿದ್ದಳು. ಮೂವರು ಹೆಂಗಸರು ಸುತ್ತ ಕೂತಿದ್ದರು. ಸಿಟ್ಟು ನನಗಿಂತ ಅವಳಿಗೆ ಹೆಚ್ಚಿತ್ತು.

“ಯಾಕ್ ಬಂದೀರಿ ಅಮ್ಮಾರ? ಶಾಲು ವಾಪಸ್ ಬೇಕೇನ್ರಿ?”

“ಏನಿದು ಶರಣಮ್ಮ? ಅಷ್ಟು ಪ್ರೀತಿಯಿಂದ ಸನ್ಮಾನ ಮಾಡಿದೆ, ಹೇಳದೆ ಕೇಳದೆ ಕೆಲಸ ಬಿಟ್ಟುಬಿಡೋದಾ?”

“ನಾ ಬಿಟ್ಟಿನೇನ್ರಿ? ನೀವಽ ತೆಗದೀರಿ! ಮಂದಿ ಮುಂದ ನಿಂದ್ರಿಸಿ ಇವತ್ತಿಂದ ಛುಟ್ಟಿ ಅಂದೀರಿ! ಈ ಊರಾಗ ಛುಟ್ಟಿ ಅಂದ್ರ ಏನ್ ಅಂತ ನಮಗ ಗೊತ್ತಿಲ್ಲೇನು? ನನ್ನ ಗಂಡಗ ಹ್ವಾದ ವರ್ಷ ಮೇಸ್ತ್ರಿ ‘ಜಾ, ತೇರಾ ಛುಟ್ಟಿ’ ಅಂದಾಂವ, ಮತ್ತ ಕೆಲಸಕ್ಕ ಕರೀಲೇ ಇಲ್ಲ. ಅಂವಾ ಪುಣ್ಯಾತ್ಮ, ಶಾಲು ಹೊದಿಸಿರಲಿಲ್ಲ!”

“ಛುಟ್ಟಿ ಅಂದ್ರೆ ಹಾಲಿಡೇ!”

“ಹಂಗಿದ್ರ ಸೂಟಿ ಅನ್ರಿ! ಕನ್ನಡದಾಗ ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?”

ನಮ್ಮವರು ಆಟೋದ ಹಿಂದೆ ಹೋಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ನನ್ನ ಮೈ ಉರಿದುಹೋಯಿತು. ತಪ್ಪು ನನ್ನದಂತೆ! ನಾನೇನು ಹಿಂದಿ ಪಂಡಿತಳೇ? ನಮ್ಮ ಸಿಸ್ಟರ್‌ಗಳು ಹಿಂದಿಯನ್ನು ಇಂಗ್ಲಿಷಿನಲ್ಲೇ ಕಲಿಸಿದ್ದರು!

ಆದರೆ ಮಧ್ಯಾಹ್ನದ ಊಟ ಕಾಯುವುದಿಲ್ಲ. ಆ ಬೀದಿಯಲ್ಲಿ, ಅಷ್ಟು ಜನರ ಮುಂದೆ, ನಾನು ಶುದ್ಧ ಕನ್ನಡದಲ್ಲಿ ಹೇಳಿದೆ: “ಶರಣಮ್ಮ, ನೀನಿಲ್ಲದೆ ನನಗೆ ಒಂದು ರೊಟ್ಟಿಯೂ ಬರುವುದಿಲ್ಲ. ಬೆಳಗಿನಿಂದ ಮಾಡಿ ನೋಡಿದೆ.” ಸುಟ್ಟ ಬೆರಳು ತೋರಿಸಿದೆ.

ಅವಳು ಬೆರಳು ನೋಡಿದಳು. ಮೂವರೂ ನೋಡಿದರು. ಮೊದಲು ನಕ್ಕವಳು ಅವರಲ್ಲಿ ಚಿಕ್ಕವಳಾದ ಮಾದೇವಿ. ಆಮೇಲೆ ಲಾಲಾಪೇಟೆಯೇ ನಕ್ಕಿತು.

ಒಂದೇ ಆಟೋದಲ್ಲಿ ಅವರೆಲ್ಲ ಬಂದರು. ಜಾಗವಿಲ್ಲದೆ ನಮ್ಮವರು ಬಸ್ಸಿನಲ್ಲಿ ಬಂದರು. ರೊಟ್ಟಿ ಸಮಯಕ್ಕೆ ಮಾದಾಪುರ ಮುಟ್ಟಿತು. ನಮ್ಮ ಬೀದಿಯ ಜನ ಮಾತ್ರ ಶರಣಮ್ಮನನ್ನು ನೋಡಿ ಬೆಚ್ಚಿಬಿದ್ದು, ನನ್ನನ್ನು ನೋಡಿ ಮುಖ ತಿರುಗಿಸಿದರು. ಬದುಕಿರುವವಳನ್ನು ಸಾಯಿಸಿದವಳು ನಾನಂತೆ. ಸುದ್ದಿ ಹಬ್ಬಿಸಿದ ಮಲ್ಲೇಶ್ವರಿ ಗಾರು ಗಂಗೆಯಷ್ಟು ಪವಿತ್ರ!

ಅಂದು ಸಂಜೆ ಒಲೆ ಆರಿದ ಮೇಲೆ ಸೋತು ಕೇಳಿದೆ: “ಆಯಿತಮ್ಮ, ನೀವೇ ಹೇಳಿ. ವರ್ಷದ ಕೊನೆಗೆ ನಿಮಗೆ ಏನು ಮಾಡಿದರೆ ಖುಷಿ? ಮನಸ್ಸು ಬಿಚ್ಚಿ ಹೇಳಿ.”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀರೆ ಕೇಳುತ್ತಾರೇನೋ, ಹೊಸ ಫ್ಯಾನ್ ಕೇಳುತ್ತಾರೇನೋ ಎಂದು ಕಾದೆ.

“ಸಿಟ್ಟಾಗಬ್ಯಾಡ್ರಿ ಮತ್ತ,” ಎಂದಳು ಶರಣಮ್ಮ. “ಮೈಸೂರಾಗ ನಿಮ್ಮ ತಂಗಿ ಮನಿ ಐತೆಲ್ಲರಿ? ಒಂದು ವಾರ ಹೋಗಿ ಬರ್ರಿ. ಬೆನ್ನ ಹಿಂದ ಯಾರೂ ನಿಂದ್ರಲಿಲ್ಲಂದ್ರ ಹಾಡ್ಕೋತ ರೊಟ್ಟಿ ಬಡೀತೀವಿ. ಅಷ್ಟಽ ಸಾಕು, ಭಾಳ ಖುಷಿ ಆಕ್ಕೈತಿ.”

ಇದನ್ನು ಮೈಸೂರಿನಿಂದ ಬರೆಯುತ್ತಿದ್ದೇನೆ. ಈಗ ತಾನೇ ನಮ್ಮವರ ಫೋನ್ ಬಂದಿತ್ತು. ಈ ವಾರದ ಊಟ ಹಿಂದೆಂದಿಗಿಂತ ಚೆನ್ನಾಗಿದೆಯೆಂದು ವಿಕ್ರಮ್ ಗುತ್ತಿಗೆ ಮುಂದುವರಿಸಿದ್ದಾನಂತೆ. ಶರಣಮ್ಮನೂ ಪಕ್ಕದಲ್ಲಿ ನಿಂತು ಬಹಳ ಗೌರವದಿಂದ ಕೇಳಿದಳಂತೆ:

“ಅಮ್ಮಾರಿಗೆ ಅಲ್ಲೀ ಹವಾ ಹೊಂದ್ಯದೇನ್ರಿ? ಹೊಂದಿದ್ರ ಇನ್ನೊಂದು ವಾರ ಇರ್ಲಿ.”